ಉಪ್ಪುನೀರಿಗಿಳಿಯುವ ಟ್ರೇಲರಿಗೆ ಯಾವ ಲೇಪ?

ಅಳಿಯಾ,

ನೀನು ಬೋಟು ತೆಗೆದುಕೊಳ್ಳುವ ವಿಷಯ ಅಕ್ಕ ಹೇಳಿದಳು. ಹದಿನೆಂಟು ಅಡಿಯ ಫೈಬರ್ ಬೋಟು, ಸ್ವರ್ಣಾ ಸೀತಾ ನದಿಗಳು ಕೂಡಿ ಕಡಲು ಸೇರುವ ಕೋಡಿಬೆಂಗ್ರೆಯ ಅಳಿವೆಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ಯೋಚನೆ, ಸಂಜೆಯಾದರೆ ಟ್ರೇಲರಿಗೆ ಹತ್ತಿಸಿ ಬ್ರಹ್ಮಾವರದ ಮನೆಯಂಗಳಕ್ಕೆ ತಂದು ನಿಲ್ಲಿಸುವುದು. ಕೇಳಿ ಸಂತೋಷವಾಯಿತು. ಎಂಜಿನ್ ಯಾವುದು ಒಳ್ಳೆಯದು, ಲೈಫ್ ಜಾಕೆಟ್ ಎಷ್ಟು ಬೇಕು, ಪರವಾನಗಿಗೆ ಯಾರನ್ನು ನೋಡಬೇಕು ಎಂದೆಲ್ಲ ವಿಚಾರಿಸಿದ್ದೀಯಂತೆ. ಟ್ರೇಲರಿನ ಮಾತು ಬಂದಾಗ ಮಾತ್ರ, "ವೆಲ್ಡಿಂಗಿನವರು ಮಾಡಿಕೊಡ್ತಾರೆ, ಮೇಲೆ ಒಳ್ಳೆ ಪೇಂಟ್ ಹೊಡೆಸಿದರಾಯ್ತು" ಅಂದೆಯಂತೆ. ಆ ಮಾತು ಕೇಳಿದ ಮೇಲೆ ಸುಮ್ಮನಿರುವುದು ನನ್ನಿಂದಾಗಲಿಲ್ಲ. ಈ ಕರಾವಳಿಯಲ್ಲಿ ಕಬ್ಬಿಣ ಕತ್ತರಿಸಿ ಬೆಸೆಯುತ್ತಲೇ ತಲೆ ನರೆತವನು ನಾನು.

ಲೇಪ ಅನ್ನುವುದನ್ನು ಟ್ರೇಲರ್ ಕಟ್ಟಿ ಮುಗಿದ ಮೇಲೆ ಯೋಚಿಸಿದರೆ ತಡವಾಯಿತು ಎಂದೇ ಲೆಕ್ಕ. ಯಾವ ಲೇಪ ಎಂದು ಮೊದಲು ತೀರ್ಮಾನವಾಗಬೇಕು, ಆಮೇಲೆ ನಕ್ಷೆ, ಆಮೇಲೆ ಕಬ್ಬಿಣದ ಖರೀದಿ. ಪೈಪು ಹಾಕಬೇಕೋ ಚಾನಲ್ ಹಾಕಬೇಕೋ, ತೂತು ಎಲ್ಲಿ ಬೇಕು, ಯಾವುದನ್ನು ವೆಲ್ಡ್ ಮಾಡಬೇಕು, ಯಾವುದನ್ನು ಬೋಲ್ಟಿನಲ್ಲಿ ಬಿಗಿಯಬೇಕು, ಇವೆಲ್ಲ ಆ ತೀರ್ಮಾನಕ್ಕೇ ಜೋತುಕೊಂಡಿವೆ.

ಮನೆಯ ಗೇಟು, ಕಿಟಕಿಯ ಗ್ರಿಲ್ಲುಗಳ ಲೆಕ್ಕ ಟ್ರೇಲರಿಗೆ ಹಿಡಿಯಬೇಡ. ಗೇಟಿಗೆ ತಾಗುವುದು ಉಪ್ಪುಗಾಳಿ ಮಾತ್ರ. ನಿನ್ನ ಟ್ರೇಲರ್ ದಿನಾ ಬೆಳಿಗ್ಗೆ ಎಕ್ಸೆಲ್ ಮುಳುಗುವಷ್ಟು ನೀರಿಗೆ ಇಳಿಯುತ್ತದೆ, ಮೇಲೆ ಬಂದು ಬಿಸಿಲಿಗೆ ಒಣಗುತ್ತದೆ, ಸಂಜೆ ಮತ್ತೆ ಇಳಿಯುತ್ತದೆ. ತುಕ್ಕಿಗೆ ನೀರು, ಗಾಳಿಯ ಆಮ್ಲಜನಕ ಎರಡೂ ಬೇಕು. ಉಪ್ಪು ಅದಕ್ಕೆ ವೇಗ ಕೊಡುತ್ತದೆ. ಸದಾ ಮುಳುಗಿಯೇ ಇರುವ ಕಬ್ಬಿಣಕ್ಕೆ ಆಮ್ಲಜನಕ ಅಷ್ಟಾಗಿ ಸಿಗುವುದಿಲ್ಲ. ಒದ್ದೆಯಾಗಿ ಒಣಗಿ ಮತ್ತೆ ಒದ್ದೆಯಾಗುವ ಕಬ್ಬಿಣಕ್ಕೆ ಮೂರೂ ಧಾರಾಳ. ಬಂದರಿಗೆ ಹೋದಾಗ ಜೆಟ್ಟಿಯ ಕಬ್ಬಿಣದ ಕಂಬಗಳನ್ನು ನೋಡು. ನೀರಿನಡಿಯ ಭಾಗಕ್ಕಿಂತ ಅಲೆ ಬಡಿಯುವ ಮಟ್ಟದಲ್ಲೇ ಅವು ಮೊದಲು ಸವೆದಿರುತ್ತವೆ. ನಿನ್ನ ಟ್ರೇಲರಿನ ಮೈಯೆಲ್ಲ ಆ ಅಲೆ ಬಡಿಯುವ ಮಟ್ಟವೇ.

ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಳಿವೆಯಲ್ಲಿ ಮಳೆಗಾಲಕ್ಕೆ ಅದು ಇಳಿಯುತ್ತದೆ ನಿಜ, ಆದರೆ ನಿನ್ನ ವ್ಯಾಪಾರ ನಡೆಯುವುದು ಬೇಸಗೆಯಲ್ಲಿ. ಆಗ ಭರತದ ಹೊತ್ತಿಗೆ ಅಲ್ಲಿ ನಿಲ್ಲುವುದು ಹೆಚ್ಚುಕಡಿಮೆ ಕಡಲಿನ ನೀರೇ. ಮನೆಗೆ ತಂದು ಒಣಗಿಸಿದೆ ಅಂದುಕೊಂಡರೂ ಉಪ್ಪು ಅಲ್ಲೇ ಕೂತಿರುತ್ತದೆ. ಗಾಳಿಯ ತೇವ ಶೇ. 75 ದಾಟಿತೆಂದರೆ ಸಾದಾ ಉಪ್ಪು ತಾನಾಗಿ ನೀರು ಹೀರಿ ಕರಗುತ್ತದೆ. ಕಡಲುಪ್ಪಿನಲ್ಲಿ ಬೆರೆತಿರುವ ಮೆಗ್ನೀಶಿಯಂ ಕ್ಲೋರೈಡ್ ಅದಕ್ಕಿಂತ ಎಷ್ಟೋ ಕಡಿಮೆ ತೇವಕ್ಕೇ ಕರಗುತ್ತದೆ. ನಮ್ಮೂರಿನ ರಾತ್ರಿಯ ಗಾಳಿ ಎಂಥದೆಂದು ನಿನಗೆ ಗೊತ್ತು. ಅಂಗಳದಲ್ಲಿ ನಿಂತ ಟ್ರೇಲರ್ ನೀನು ಮಲಗಿದ ಮೇಲೆ ಮತ್ತೆ ಒದ್ದೆಯಾಗುತ್ತದೆ.

ಹೊರಗಿನದು ಕಣ್ಣಿಗಾದರೂ ಕಾಣುತ್ತದೆ. ನನಗೆ ಹೆದರಿಕೆ ಒಳಗಿನದು. ರಿಪೇರಿಗೆಂದು ಬಂದ ಹಳೆಯ ಟ್ರೇಲರಿನ ಅಡ್ಡಪಟ್ಟಿಯನ್ನು ಕಟಿಂಗ್ ವ್ಹೀಲ್ ಹಾಕಿ ಕೊಯ್ದಾಗ ಏನು ಕಾಣುತ್ತದೆ ಗೊತ್ತಾ? ಹೊರಗೆ ನೀಲಿ ಎನಾಮಲ್ ಹೊಳೆಯುತ್ತಾ ಇರುತ್ತದೆ. ಕೊಯ್ದ ಬಾಯಿಯಲ್ಲಿ ಮಾತ್ರ ತುಕ್ಕು ಪತ್ರೊಡೆಯ ಸುರುಳಿಯಂತೆ ಪದರಪದರವಾಗಿ ಎದ್ದು ಪೈಪಿನ ಹೊಟ್ಟೆಯನ್ನೇ ತುಂಬಿರುತ್ತದೆ. ಬೆರಳಿನಿಂದ ಒತ್ತಿದರೆ ಪದರ ಕಳಚಿ ಬೀಳುತ್ತದೆ. ಐದು ಮಿಲಿಮೀಟರ್ ಇದ್ದ ದಪ್ಪ ಕೆಳಗಿನ ಮೂಲೆಯಲ್ಲಿ ಕಾಗದದಷ್ಟಾಗಿ, ಹೊರಗಿನ ಬಣ್ಣವೇ ಅದನ್ನು ಹಿಡಿದು ನಿಲ್ಲಿಸಿದ ಸ್ಥಿತಿ. ವೆಲ್ಡಿನ ಸಣ್ಣ ಸಂದಿಯಿಂದ ಒಳಹೋದ ಉಪ್ಪುನೀರು ಹೊರಬರುವ ದಾರಿ ಕಾಣದೆ ಅಲ್ಲೇ ಕೂತು ಮಾಡಿದ ಕೆಲಸ ಅದು. ಯಾವ ಬ್ರಷ್ಷೂ, ಯಾವ ಸ್ಪ್ರೇ ಗನ್ನೂ ಆ ಒಳಮೈಗೆ ತಲುಪುವುದಿಲ್ಲ.

ಅದಕ್ಕೇ ಹೇಳುತ್ತೇನೆ, ಹಾಟ್ ಡಿಪ್ ಗ್ಯಾಲ್ವನೈಸಿಂಗ್ ಮಾಡಿಸು. ಚಾಸಿಯನ್ನು ಪೂರ್ತಿ ಬೆಸೆದು ಮುಗಿಸಿ, ಇಡಿಯಾಗಿ ಕರಗಿದ ಸತುವಿನ ತೊಟ್ಟಿಯಲ್ಲಿ ಮುಳುಗಿಸಿ ತೆಗೆಯುವ ಕ್ರಮ. ಫ್ರಾನ್ಸಿನ ಸೊರೆಲ್ ಎಂಬ ಎಂಜಿನಿಯರ್ 1837ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಇವತ್ತಿಗೂ ಉಪ್ಪುನೀರಿನ ಟ್ರೇಲರಿಗೆ ಇದರಷ್ಟು ನಂಬಿಕೆಯ ಬೇರೆ ದಾರಿ ನಾನು ಕಂಡಿಲ್ಲ. ಕಬ್ಬಿಣವನ್ನು ಮೊದಲು ಜಿಡ್ಡು ತೆಗೆದು ತೊಳೆಯುತ್ತಾರೆ, ಆಸಿಡ್ಡಿನಲ್ಲಿ ಅದ್ದಿ ತುಕ್ಕು ಕರಗಿಸುತ್ತಾರೆ, ಫ್ಲಕ್ಸ್ ದ್ರಾವಣದಲ್ಲಿ ಮುಳುಗಿಸುತ್ತಾರೆ, ಆಮೇಲೆ ಸುಮಾರು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಂಪಗಾಗದೆ ಬೆಳ್ಳಿಯ ಹಾಗೆ ಹೊಳೆಯುವ ಸತುವಿಗೆ ಇಳಿಸುತ್ತಾರೆ. ಅಲ್ಲಿ ಸತು ಕಬ್ಬಿಣದ ಮೇಲೆ ಸುಮ್ಮನೆ ಅಂಟುವುದಲ್ಲ. ಎರಡೂ ಬೆರೆತು ಮಿಶ್ರಲೋಹದ ಪದರಗಳಾಗಿ, ಅದರ ಮೇಲೆ ಶುದ್ಧ ಸತು ನಿಲ್ಲುತ್ತದೆ. ಹೊರಗೆ ಹೇಗೋ ಒಳಗೂ ಹಾಗೆಯೇ, ಪೈಪಿನ ಹೊಟ್ಟೆಗೂ ಅದೇ ರಕ್ಷೆ.

ಸತುವಿನ ಇನ್ನೊಂದು ಗುಣವನ್ನು ತಿಳಿದುಕೊಂಡರೆ ನಿನಗೆ ಪೇಂಟಿನ ಆಸೆ ತಾನಾಗಿ ಇಳಿಯುತ್ತದೆ. ಕಬ್ಬಿಣ, ಸತು ಎರಡೂ ಒಂದಕ್ಕೊಂದು ತಾಗಿಕೊಂಡು ಉಪ್ಪುನೀರಿನಲ್ಲಿದ್ದರೆ ಮೊದಲು ಕರಗುವುದು ಸತು. ಬೋಟಿನ ತಳ ಉಜ್ಜಿತು, ಚೈನು ಎಳೆದಾಡಿತು, ರಸ್ತೆಯ ಕಲ್ಲು ಹಾರಿ ಬಡಿಯಿತು ಅಂದುಕೋ. ಟ್ರೇಲರಿಗೆ ಇವು ದಿನನಿತ್ಯದ್ದು. ಗೀರಿನ ಜಾಗದಲ್ಲಿ ಕಬ್ಬಿಣ ಬರಿದಾದರೂ ಅಕ್ಕಪಕ್ಕದ ಸತು ತಾನು ಸವೆದು ಅದನ್ನು ಕಾಯುತ್ತದೆ. ಪೇಂಟಿಗೆ ಆ ಶಕ್ತಿ ಇಲ್ಲ. ಒಂದು ಕಡೆ ಎದ್ದರೆ ಅಡಿಯಿಂದ ನೀರು ನುಗ್ಗಿ ಸುತ್ತಲಿನದನ್ನೂ ಎಬ್ಬಿಸುತ್ತದೆ.

ಅಂಕಿ ಬೇಕೆಂದರೆ ಕೇಳು. ವಾತಾವರಣ ಲೋಹವನ್ನು ಎಷ್ಟು ತಿನ್ನುತ್ತದೆ ಎಂಬುದಕ್ಕೆ ಅಂತರರಾಷ್ಟ್ರೀಯ ಮಾನಕದಲ್ಲಿ ಸಿ1ರಿಂದ ಸಿ5, ಅದರ ಮೇಲೆ ಸಿಎಕ್ಸ್ ಎಂಬ ವರ್ಗಗಳಿವೆ. ಉಪ್ಪುಗಾಳಿ ಜೋರಾಗಿರುವ ಸಿ5 ವರ್ಗದಲ್ಲಿ ಬರಿಯ ಉಕ್ಕು ಮೊದಲ ವರ್ಷದಲ್ಲಿ 80ರಿಂದ 200 ಮೈಕ್ರಾನ್ ಸವೆಯುತ್ತದೆ. ಅದೇ ಜಾಗದಲ್ಲಿ ಸತು 4.2ರಿಂದ 8.4 ಮೈಕ್ರಾನ್ ಮಾತ್ರ. ನಮ್ಮ ಭಾರತೀಯ ಮಾನಕ ಐಎಸ್ 4759ರ ಪ್ರಕಾರ 5 ಮಿಲಿಮೀಟರಿಗೂ ಹೆಚ್ಚು ದಪ್ಪದ ಕಬ್ಬಿಣಕ್ಕೆ ಚದರ ಮೀಟರಿಗೆ 610 ಗ್ರಾಂ ಸತು ಕೂರಬೇಕು, ಅಂದರೆ ಸುಮಾರು 85 ಮೈಕ್ರಾನ್. ತೆಳು ಕಬ್ಬಿಣಕ್ಕೆ ಸತುವೂ ತೆಳುವಾಗಿಯೇ ಕೂರುತ್ತದೆ, ಹಾಗಾಗಿ ಮುಖ್ಯ ಚೌಕಟ್ಟಿಗೆ ದಪ್ಪದಲ್ಲಿ ಜಿಪುಣತನ ಮಾಡಬೇಡ. ಆ 85 ಮೈಕ್ರಾನನ್ನು ಸತುವಿನ ವರ್ಷದ ಸವೆತದಿಂದ ಭಾಗಿಸಿ ಇಷ್ಟು ವರ್ಷ ಬಾಳಿಕೆ ಎಂದು ಮಾತ್ರ ಎಣಿಸಲು ಹೋಗಬೇಡ. ಆ ಅಂಕಿ ಗಾಳಿಯದು, ನೀರಿಗೆ ಇಳಿಯುವ ಟ್ರೇಲರಿನದಲ್ಲ. ಉಕ್ಕಿಗೂ ಸತುವಿಗೂ ಇರುವ ಅಂತರ ನೋಡಿಕೊಂಡರೆ ಸಾಕು.

ಇನ್ನು ಪೇಟೆಯಲ್ಲಿ ಎಚ್ಚರ ಬೇಕಾದ ಜಾಗ. "ಜಿಐ ಪೈಪಿನಲ್ಲೇ ಮಾಡಿಕೊಡ್ತೇನೆ, ಡಿಪ್ಪಿಂಗ್ ಯಾಕೆ, ಎರಡೂ ಒಂದೇ" ಎನ್ನುವವರು ಸಿಗುತ್ತಾರೆ. ಎರಡೂ ಒಂದೇ ಅಲ್ಲ. ಮೊದಲೇ ಸತು ಹಾಕಿದ ತಗಡನ್ನು ಮಡಚಿ ಮಾಡಿದ ಪೈಪುಗಳಿರುತ್ತವೆ. ತಗಡಿನ ಎರಡೂ ಬದಿ ಸೇರಿಸಿ ಚದರ ಮೀಟರಿಗೆ 120 ಗ್ರಾಂ ಸತು ಎಂದರೆ ಒಂದು ಬದಿಗೆ ಎಂಟು ಮೈಕ್ರಾನ್ ಚಿಲ್ಲರೆ. ಅದರ ಮೇಲೆ ವೆಲ್ಡಿಂಗ್ ಮಾಡಿದರೆ ಬೆಸುಗೆಯ ಸುತ್ತ ಇದ್ದ ಸತುವೂ ಬಿಳಿ ಹೊಗೆಯಾಗಿ ಹಾರಿಹೋಗುತ್ತದೆ. (ಆ ಹೊಗೆ ಕುಡಿದವರಿಗೆ ಸಂಜೆಗೆ ಚಳಿಜ್ವರ ಬರುವುದುಂಟು, ನಿನ್ನ ಕೆಲಸ ಮಾಡುವ ಹುಡುಗನ ಮುಖಕ್ಕೆ ಸರಿಯಾದ ಮಾಸ್ಕ್ ಇದೆಯೋ ನೋಡು.) ಹೆಚ್ಚು ಭಾರ ಬೀಳುವುದು ಬೆಸುಗೆಯ ಮೇಲೆ, ರಕ್ಷೆ ಇಲ್ಲದಿರುವುದೂ ಅಲ್ಲೇ. ಮೇಲೆ ಸಿಲ್ವರ್ ಪೇಂಟ್ ಬಳಿದರೆ ನೋಡಲು ಚೆನ್ನ, ಅಷ್ಟೆ. ಹಾಗೆಯೇ ಕನ್ನಡಿಯಂತೆ ಹೊಳೆಯುವ ನಟ್ಟು ಬೋಲ್ಟುಗಳು. ಅವು ವಿದ್ಯುತ್ತಿನಿಂದ ಸತು ಲೇಪಿಸಿದವು, ಸಾಮಾನ್ಯವಾಗಿ ಹತ್ತು ಮೈಕ್ರಾನಿನ ಆಸುಪಾಸು. ನಿನಗೆ ಬೇಕಾದದ್ದು ಮಂಕು ಬೂದು ಬಣ್ಣದ, ಹಾಟ್ ಡಿಪ್ ಮಾಡಿದ ಬೋಲ್ಟು.

ಡಿಪ್ಪಿಂಗ್ ಎಂದು ನಿಶ್ಚಯಿಸಿದೆಯೋ, ನಕ್ಷೆ ಅಲ್ಲಿಂದಲೇ ಬದಲಾಗುತ್ತದೆ. ಡಿಪ್ಪಿಂಗ್ ಮಾಡುವ ಕಡೆ ಮೊದಲು ಫೋನು ಮಾಡಿ ತೊಟ್ಟಿಯ ಉದ್ದ, ಅಗಲ, ಆಳ ಕೇಳಿಕೋ. ಚೌಕಟ್ಟು ತೊಟ್ಟಿಗಿಂತ ಉದ್ದವಾದರೆ ಎರಡು ತುಂಡು ಮಾಡಿ ಬೋಲ್ಟಿನಲ್ಲಿ ಜೋಡಿಸುವ ಹಾಗೆ ಕಟ್ಟಿಸು. ಎರಡೂ ತುದಿ ಮುಚ್ಚಿದ ಪೈಪು ಒಂದೂ ಇರಕೂಡದು. ಇದು ಬರೀ ಗುಣಮಟ್ಟದ ಮಾತಲ್ಲ, ಜೀವದ ಮಾತು. ಮುಚ್ಚಿದ ಪೈಪಿನೊಳಗೆ ಚಮಚದಷ್ಟು ನೀರು ಉಳಿದಿದ್ದರೂ 450 ಡಿಗ್ರಿಯ ಸತುವಿನಲ್ಲಿ ಅದು ಆವಿಯಾಗಿ ಪೈಪು ಸಿಡಿಯುತ್ತದೆ. ತೊಟ್ಟಿಯ ಬದಿಯಲ್ಲಿ ನಿಂತವರ ಮೇಲೆ ಕರಗಿದ ಲೋಹ ಎರಚುತ್ತದೆ. ಪ್ರತಿ ಪೈಪಿನ ಎರಡೂ ತುದಿಗೆ, ಮೂಲೆಗೆ ಒತ್ತಿಕೊಂಡಂತೆ ತೂತು ಬೇಕು. ಒಂದರಿಂದ ಸತು ಒಳಹೋಗಬೇಕು, ಇನ್ನೊಂದರಿಂದ ಗಾಳಿ ಹೊರಬರಬೇಕು, ಎತ್ತುವಾಗ ಎಲ್ಲವೂ ಸುರಿದುಹೋಗಬೇಕು. ಪೈಪು ದೊಡ್ಡದಾದಷ್ಟೂ ತೂತು ದೊಡ್ಡದು. ಅಳತೆಯನ್ನು ಡಿಪ್ಪಿಂಗಿನವರಿಂದಲೇ ಬರೆಸಿಕೋ. ಮುಂದೆ ಅದೇ ತೂತುಗಳಿಂದ ಅಳಿವೆಯ ನೀರು ಬಸಿದುಹೋಗುತ್ತದೆ, ಅದೇ ತೂತಿಗೆ ಪೈಪು ಹಿಡಿದು ನೀನು ಒಳಗೆ ತೊಳೆಯಬಹುದು.

ಪ್ಲೇಟಿನ ಮೇಲೆ ಪ್ಲೇಟು ಇಟ್ಟು ಬೆಸೆಯುವುದನ್ನು ಆದಷ್ಟು ತಪ್ಪಿಸು. ನಡುವಿನ ಸಂದಿಯಲ್ಲಿ ಆಸಿಡ್ ಸೇರಿಕೊಂಡು ತಿಂಗಳುಗಳ ಮೇಲೆ ಕಂದು ನೀರಾಗಿ ಒಸರುತ್ತದೆ. ಬೆಸುಗೆಯ ಮೇಲಿನ ಕಿಟ್ಟವನ್ನು ಪೂರ್ತಿ ಕೆತ್ತಿ ತೆಗೆಯಬೇಕು. ಅದರ ಮೇಲೆ ಸತು ಹಿಡಿಯುವುದಿಲ್ಲ. ಅಳತೆಗೆಂದು ಎಣ್ಣೆ ಪೇಂಟಿನಲ್ಲಿ ಗುರುತು ಹಾಕಿದರೆ ಅದನ್ನು ಆಸಿಡ್ ತೆಗೆಯುವುದಿಲ್ಲ, ಅಲ್ಲೊಂದು ಬೋಳು ಮಚ್ಚೆ ಉಳಿಯುತ್ತದೆ. ಲೈಟಿನ ಪಟ್ಟಿ, ನಂಬರ್ ಪ್ಲೇಟು, ವಿಂಚು, ರೋಲರು, ಎಲ್ಲದರ ತೂತನ್ನೂ ಮುಂಚೆಯೇ ಕೊರೆಸು. ಡಿಪ್ಪಿಂಗ್ ಆದ ಮೇಲೆ ಡ್ರಿಲ್ಲು, ವೆಲ್ಡು, ಗ್ರೈಂಡರು ಯಾವುದೂ ಅದರ ಹತ್ತಿರ ಸುಳಿಯಬಾರದು. ತಪ್ಪಿಸಲಾಗದ ಕಡೆ ಸತುವಿನ ಪುಡಿ ಹೆಚ್ಚಿರುವ ಜಿಂಕ್ ರಿಚ್ ಪೇಂಟು ದಪ್ಪಗೆ ಹಚ್ಚು. ರಬ್ಬರ್ ಇರುವ ಎಕ್ಸೆಲ್, ಬೇರಿಂಗ್, ಸ್ಪ್ರಿಂಗ್ ಇವು ತೊಟ್ಟಿಗೆ ಹೋಗುವಂಥವಲ್ಲ. ಅವನ್ನು ಬಿಚ್ಚಿ ಜೋಡಿಸುವ ಹಾಗೆಯೇ ಕಟ್ಟಿಸಬೇಕು.

ಡಿಪ್ಪಿಂಗಿಗೆ ತೂಕದ ಮೇಲೆ, ಕಿಲೋಗೆ ಇಷ್ಟು ಎಂದು ದರ ಹೇಳುತ್ತಾರೆ. ತೊಟ್ಟಿ ಇರುವ ಕಡೆಗೆ ಲಾರಿಯಲ್ಲಿ ಕಳಿಸಿ ತರಿಸುವ ಬಾಡಿಗೆಯನ್ನೂ ಸೇರಿಸಿ ಲೆಕ್ಕ ಹಾಕು, ಆಮೇಲೆ ವರ್ಷ ವರ್ಷ ಉಜ್ಜಿ ಬಣ್ಣ ಹೊಡೆಸುವ ಕೂಲಿಯ ಪಕ್ಕದಲ್ಲಿ ಅದನ್ನು ಇಟ್ಟು ನೋಡು. ಮಾಲು ತಿರುಗಿ ಬಂದಾಗ ದಪ್ಪ ಅಳೆಯುವ ಪುಟ್ಟ ಮೀಟರು ಇರುವವರನ್ನು ಕರೆಸಿ ನಾಲ್ಕಾರು ಕಡೆ ಇಟ್ಟು ನೋಡಿಸು. ಅಲ್ಲಲ್ಲಿ ಮಂಕಾಗಿದ್ದರೆ ಗಾಬರಿ ಬೇಡ. ಉಕ್ಕಿನಲ್ಲಿ ಸಿಲಿಕಾನ್ ಹೆಚ್ಚಿದ್ದರೆ ಹಾಗೆ ಬೂದಾಗಿ ದಪ್ಪಗೆ ಕೂರುತ್ತದೆ. ಬೋಳು ಬಿಟ್ಟ ಕಡೆ ಮಾತ್ರ ರಾಜಿ ಮಾಡಿಕೊಳ್ಳಬೇಡ.

ಹೊಸ ಸತುವಿಗೆ ಗಾಳಿ ಬೇಕು. ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಅದರ ಮೇಲೆ ಗಟ್ಟಿಯಾದ ತೆಳುಪೊರೆ ಬೆಳೆಯುತ್ತದೆ, ನಿಜವಾದ ಬಾಳಿಕೆ ಬರುವುದು ಅದರಿಂದ. ತಂದ ಕೂಡಲೇ ಒದ್ದೆ ಟಾರ್ಪಾಲು ಮುಚ್ಚಿ ಮೂಲೆಗೆ ತಳ್ಳಿದರೆ ಬಿಳಿ ಬೂಷ್ಟಿನಂಥ ತುಕ್ಕು ಹಿಡಿಯುತ್ತದೆ. ಕೆಲವು ವಾರ ಗಾಳಿ ಬಿಸಿಲಿಗೆ ಬಿಡು, ಆಮೇಲೆ ನೀರಿಗೆ ಇಳಿಸು.

ಬಣ್ಣ ಬೇಕೇಬೇಕು, ನಿನ್ನ ಬೋಟಿನ ಹೆಸರು ಎದ್ದು ಕಾಣಬೇಕು ಅಂದರೆ ಗ್ಯಾಲ್ವನೈಸಿಂಗಿನ ಮೇಲೆ ಹೊಡೆಸಬಹುದು. ಸರಿಯಾಗಿ ಮಾಡಿದರೆ ಎರಡೂ ಸೇರಿ ಬಿಡಿಬಿಡಿಯಾಗಿ ಬಾಳುವ ವರ್ಷಗಳ ಮೊತ್ತಕ್ಕಿಂತಲೂ ಹೆಚ್ಚು ಬಾಳುತ್ತವೆ. ಆದರೆ ಅಂಗಡಿಯ ಸಾದಾ ಸಿಂಥೆಟಿಕ್ ಎನಾಮಲ್ ನೇರವಾಗಿ ಬಳಿಯಬೇಡ. ಅದರ ಎಣ್ಣೆಯ ಅಂಶ ಸತುವಿನೊಂದಿಗೆ ಸೇರಿ ಸಾಬೂನಿನಂಥ ಪದರವಾಗುತ್ತದೆ, ಬಣ್ಣ ಹಾಳೆಹಾಳೆಯಾಗಿ ಎದ್ದುಬರುತ್ತದೆ. ಮೈಯನ್ನು ಹಗುರವಾಗಿ ಬ್ಲಾಸ್ಟ್ ಮಾಡಿಸಿ ಇಲ್ಲವೆ ಎಚಿಂಗ್ ಪ್ರೈಮರ್ ಹಚ್ಚಿಸಿ, ಆಮೇಲೆ ಎಪಾಕ್ಸಿ, ಮೇಲೆ ಪಾಲಿಯುರೆಥೇನ್.

ಪೌಡರ್ ಕೋಟಿಂಗ್ ಬಗ್ಗೆ ಯಾರೋ ನಿನ್ನ ತಲೆಗೆ ಹಾಕಿದ್ದಾರಂತೆ. ಬರಿಯ ಉಕ್ಕಿನ ಮೇಲೆ ಅದನ್ನು ಮಾಡಿಸಿ ಉಪ್ಪುನೀರಿಗೆ ಇಳಿಸುವುದು ಬೇಡವೇ ಬೇಡ. ಕುರ್ಚಿ ಮೇಜಿಗೆ ಅದು ಚೆಂದ. ಪೈಪಿನ ಒಳಗೆ ಅದು ಹೋಗುವುದಿಲ್ಲ, ಒಂದು ಕಡೆ ಚಿಪ್ಪೆದ್ದರೆ ಅಡಿಯಲ್ಲಿ ತುಕ್ಕು ಹರಿದಾಡುವುದು ಮೇಲೆ ಕಾಣುವುದೂ ಇಲ್ಲ. ಕ್ಯಾಟಲಾಗಿನಲ್ಲಿ ಸಾಲ್ಟ್ ಸ್ಪ್ರೇ ಪರೀಕ್ಷೆಯಲ್ಲಿ ಸಾವಿರ ಗಂಟೆ ಪಾಸು ಎಂದು ಬರೆದಿರಬಹುದು. ಆ ಪೆಟ್ಟಿಗೆಯಲ್ಲಿ ಬಿಸಿಲಿಲ್ಲ, ಒಣಗುವುದಿಲ್ಲ, ಕಲ್ಲು ಬಡಿಯುವುದಿಲ್ಲ. ಆ ಗಂಟೆಗಳನ್ನು ವರ್ಷಕ್ಕೆ ಬದಲಾಯಿಸುವ ಲೆಕ್ಕ ಇಲ್ಲ.

ಸ್ಟೇನ್‌ಲೆಸ್ ಸ್ಟೀಲಿನ ಆಸೆ ಇದ್ದರೆ 304 ನಮ್ಮ ಕಡಲಿಗೆ ಸಾಲದು, ಬೇಗನೆ ಚಹಾ ಬಣ್ಣದ ಕಲೆ ಬಂದು ಆಮೇಲೆ ಗುಳಿ ಬೀಳುತ್ತದೆ. ಮಾಲಿಬ್ಡಿನಂ ಇರುವ 316 ತಡೆಯುತ್ತದೆ, ಆದರೆ ಇಡೀ ಚೌಕಟ್ಟು ಅದರಲ್ಲಿ ಮಾಡಿಸುವಷ್ಟು ದುಡ್ಡು ಟ್ರೇಲರಿಗೆ ಸುರಿಯುವುದು ನನಗೆ ಒಪ್ಪಿಗೆಯಿಲ್ಲ. ಅಲ್ಯೂಮಿನಿಯಂ ಟ್ರೇಲರ್ ಹಗುರ, ಒಳ್ಳೆಯದೂ ಹೌದು. ಕಬ್ಬಿಣದ ಬೋಲ್ಟು ತಾಗುವಲ್ಲೆಲ್ಲ ಪ್ಲಾಸ್ಟಿಕ್ ವಾಷರ್ ಇಡದಿದ್ದರೆ ಅಲ್ಲಿ ಅಲ್ಯೂಮಿನಿಯಂ ಪುಡಿಯಾಗುತ್ತದೆ, ಅದನ್ನು ಬೆಸೆಯಬಲ್ಲ ಕೈಯೂ ಹುಡುಕಬೇಕು.

ಕೈಯಲ್ಲಿ ಈಗಲೇ ಡಿಪ್ಪಿಂಗಿನ ದುಡ್ಡು ಇಲ್ಲದಿದ್ದರೆ ನನಗೆ ಹೇಳು, ಸಂಕೋಚ ಬೇಡ. ಅದೂ ಆಗದಿದ್ದರೆ ಪೈಪು ಬಿಟ್ಟು ತೆರೆದ ಸಿ ಚಾನಲ್ಲಿನಲ್ಲಿ ಕಟ್ಟಿಸು, ಎಲ್ಲ ಮೈಗೂ ಕೈ ತಲುಪಲಿ. ಬ್ಲಾಸ್ಟಿಂಗ್ ಮಾಡಿಸಿ ಉಕ್ಕು ಬೆಳ್ಳಗಾದ ದಿನವೇ, ಸಂಜೆಯ ತಂಪು ಇಳಿಯುವ ಮೊದಲೇ ಜಿಂಕ್ ರಿಚ್ ಎಪಾಕ್ಸಿ ಪ್ರೈಮರ್ ಬೀಳಬೇಕು. ಉಕ್ಕಿನ ಬಿಸಿ ಇಬ್ಬನಿ ಕೂರುವ ಮಟ್ಟಕ್ಕಿಂತ ಕನಿಷ್ಠ ಮೂರು ಡಿಗ್ರಿ ಮೇಲಿರಬೇಕು, ಇಲ್ಲದಿದ್ದರೆ ಕಣ್ಣಿಗೆ ಕಾಣದ ತೇವದ ಮೇಲೆ ಬಣ್ಣ ಹೊಡೆದ ಹಾಗಾಗುತ್ತದೆ. ರೆಡ್ ಆಕ್ಸೈಡ್ ಪ್ರೈಮರನ್ನು ನಂಬಬೇಡ. ಅದರಲ್ಲಿರುವುದು ಕಬ್ಬಿಣದ ಆಕ್ಸೈಡೇ, ಗೀರು ಬಿದ್ದಲ್ಲಿ ಉಕ್ಕಿನ ಪರವಾಗಿ ಸವೆಯುವ ಗುಣ ಅದಕ್ಕಿಲ್ಲ.

ಇಷ್ಟು ಒತ್ತಿ ಹೇಳುವುದು ಚೆಂದಕ್ಕಾಗಿ ಅಲ್ಲ. ಸಂತೆಕಟ್ಟೆಯಲ್ಲಿ ಹೆದ್ದಾರಿ 66 ಹತ್ತಿದ ಮೇಲೆ ನಿನ್ನ ಹಿಂದೆ ಮುಂದೆ ಬಸ್ಸು, ಲಾರಿ, ಮಕ್ಕಳನ್ನು ಕೂರಿಸಿಕೊಂಡ ಸ್ಕೂಟರುಗಳು ಇರುತ್ತವೆ. ಒಳಗೊಳಗೇ ತಿಂದುಹೋದ ಅಡ್ಡಪಟ್ಟಿ ಮನೆಯಂಗಳದಲ್ಲಿ ಮುರಿಯುವುದಿಲ್ಲ, ಗುಂಡಿಗೆ ಚಕ್ರ ಇಳಿದಾಗ ಮುರಿಯುತ್ತದೆ. ಆ ಯೋಚನೆಯೇ ನನ್ನನ್ನು ಕಾಡುವುದು.

ಬಳಸುವಾಗಿನ ಮಾತೂ ಹೇಳಿಬಿಡುತ್ತೇನೆ. ಸಂಜೆ ಮನೆಗೆ ಬಂದ ಕೂಡಲೇ ಬಾವಿ ನೀರಿನಲ್ಲಿ ತೊಳೆ. ಹೊರಗೆ ಸ್ವಲ್ಪ, ಪೈಪಿನ ತೂತುಗಳೊಳಗೆ, ಸ್ಪ್ರಿಂಗ್ ಪಟ್ಟಿಗಳ ನಡುವೆ ಹೆಚ್ಚು. ಬೋಟು ಕೂರುವ ಮರದ ಪಟ್ಟಿಗೆ ಹೊದಿಸಿದ ಕಾರ್ಪೆಟ್ ಉಪ್ಪು ಹಿಡಿದುಕೊಂಡೇ ಇರುತ್ತದೆ, ಅದನ್ನು ಚೆನ್ನಾಗಿ ನೆನೆಸಿ ತೊಳೆಯಬೇಕು. ಕಲೆ ತೆಗೆಯಲೆಂದು ಬಚ್ಚಲಿಗೆ ಹಾಕುವ ಆಸಿಡ್ ಮುಟ್ಟಿಸಬೇಡ, ಸತು ಕರಗಿಯೇ ಹೋಗುತ್ತದೆ. ದೂರದಿಂದ ಎಳೆದು ತಂದ ಕೂಡಲೇ ನೀರಿಗೆ ಇಳಿಸಬೇಡ. ಓಡಿ ಬಿಸಿಯಾದ ಹಬ್ ತಣ್ಣೀರಿಗೆ ಬಿದ್ದಾಗ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ಉಪ್ಪುನೀರನ್ನು ಎಳೆದುಕೊಳ್ಳುತ್ತದೆ, ಬೇರಿಂಗ್ ಹೋಗುತ್ತದೆ. ಹಬ್ ಮೇಲೆ ಕೈಯಿಟ್ಟರೆ ತಣ್ಣಗೆ ಅನ್ನಿಸುವ ತನಕ ನಿಲ್ಲು, ಅಷ್ಟರಲ್ಲಿ ಬೋಟಿಗೆ ಸಾಮಾನು ತುಂಬಿಕೋ. ಲೈಟಿನ ಪ್ಲಗ್ಗನ್ನೂ ಇಳಿಸುವ ಮೊದಲೇ ಕಳಚು.

ಫ್ಯಾಬ್ರಿಕೇಷನ್ನಿನವರಿಗೆ ಮುಂಗಡ ಕೊಡುವ ಮೊದಲು ನಕ್ಷೆ ಹಿಡಿದುಕೊಂಡು ಒಂದು ಭಾನುವಾರ ಬಾ. ತೂತುಗಳ ಜಾಗ, ಬೋಲ್ಟಿನ ಜೋಡಣೆ ಎಲ್ಲ ಕೂತು ಗುರುತು ಹಾಕೋಣ. ತೊಟ್ಟಿಯ ಅಳತೆಯನ್ನು ಮಾತ್ರ ಫೋನಿನಲ್ಲಿ ಕೇಳಿ ಬರೆದುಕೊಂಡೇ ಬಾ, ಅದಿಲ್ಲದೆ ಗೆರೆ ಎಳೆಯಲಾಗದು.